ಒದ್ದೆ ಕಾಗದದಲ್ಲಿ ಸುತ್ತಿದ ಕಡ್ಡಿಗಳು

ಅರವತ್ತರ ದಶಕದ ಆರಂಭದ ಜಯನಗರ ಎಂದರೆ ನನಗೆ ಹೊಸ ಸುಣ್ಣದ ವಾಸನೆ. ಅಲ್ಲೊಂದು ಇಲ್ಲೊಂದು ಮನೆ, ನಡುವೆ ಕೆಂಪು ಮಣ್ಣಿನ ಖಾಲಿ ಸೈಟುಗಳು, ಅವುಗಳ ಮೇಲೆ ಮಧ್ಯಾಹ್ನವಿಡೀ ತೂಕಡಿಸುವ ಬಿಸಿಲು. ಬಡಾವಣೆಯ ಅಂಚಿನಲ್ಲಿ ಗುತ್ತಿಗೆಗೆ ಹಿಡಿದ ತುಂಡು ಜಮೀನಿನಲ್ಲಿ ಅಪ್ಪನ ನರ್ಸರಿ, ಅದರ ಹಿಂದೆಯೇ ನಮ್ಮ ಹೆಂಚಿನ ಮನೆ. ಬೆಳಗಿನ ಮಂಜಿನಲ್ಲಿ ಕಿಟಕಿ ತೆರೆದರೆ ಗುಲಾಬಿ ಯಾವುದು, ದಾಸವಾಳ ಯಾವುದು ತಿಳಿಯುತ್ತಿರಲಿಲ್ಲ. ಬರೀ ಬಣ್ಣಗಳು ತೇಲುತ್ತಿದ್ದವು. ಆ ಕಿಟಕಿಯನ್ನು ಈಗಲೂ ಕನಸಿನಲ್ಲಿ ತೆರೆಯುತ್ತೇನೆ.

ವ್ಯಾಪಾರದಲ್ಲಿ ಅಪ್ಪ ಅಷ್ಟಕ್ಕಷ್ಟೆ. ಆದರೆ ತಿಂಗಳು ತಿಂಗಳೂ ಒಂದು ಹಾಳೆ ಅಚ್ಚು ಹಾಕಿಸಿ, ಒಮ್ಮೆ ಗಿಡ ಕೊಂಡವರ ಮನೆಗೆಲ್ಲ ಸೈಕಲ್ಲಿನಲ್ಲಿ ಹೋಗಿ ಹಂಚಿ ಬರುತ್ತಿದ್ದರು. ದುಂಡುಮಲ್ಲಿಗೆಯನ್ನು ಯಾವಾಗ ಸವರಬೇಕು, ಗುಲಾಬಿಗೆ ಹುಳ ಬಿದ್ದರೆ ಏನು ಮಾಡಬೇಕು, ಯಾರ ಮನೆಯ ಸಂಪಿಗೆ ಮೊದಲ ಹೂ ಬಿಟ್ಟಿತು, ಎಲ್ಲ ಅದರಲ್ಲಿರುತ್ತಿತ್ತು. ‘ನಮ್ಮಲ್ಲೇ ಕೊಳ್ಳಿ’ ಎಂಬ ಮಾತೊಂದು ಮಾತ್ರ ಇರುತ್ತಿರಲಿಲ್ಲ. ನಾನು ಆಗ ಹೈಸ್ಕೂಲು. ಅಕ್ಷರ ದುಂಡಗಿದೆಯೆಂದು ಅಚ್ಚಿಗೆ ಕೊಡುವ ಪ್ರತಿ ಬರೆಯುವ ಕೆಲಸ ನನಗೆ ಅಂಟಿಕೊಂಡಿತ್ತು.

ಒಂದು ತಿಂಗಳು ಅಪ್ಪ, ಕಡ್ಡಿ ಕತ್ತರಿಸಿ ಹೊಸ ಗಿಡ ಮಾಡಿಕೊಳ್ಳುವುದು ಹೇಗೆಂದು ಬರೆದರು. ಎಲೆ ಮೂಡುವ ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ನೆಡುವ ತನಕ ಒದ್ದೆ ಕಾಗದದಲ್ಲಿ ಸುತ್ತಿಡಿ ಎಂದು. ಪ್ರತಿ ಮಾಡುತ್ತ ನಾನು ಗಟ್ಟಿಯಾಗಿ ಓದಿದ್ದು ಕೇಳಿ ಅಮ್ಮ ಕೆಂಡವಾದಳು.

“ಗಿಡ ಮಾಡೋದನ್ನ ನೀವೇ ಹೇಳಿಕೊಟ್ರೆ ನಮ್ಮ ಹತ್ರ ಯಾರ್ರೀ ಬರ್ತಾರೆ? ನಮ್ಮ ತಲೆ ಮೇಲೆ ನಾವೇ ಚಪ್ಪಡಿ ಎಳ್ಕೊಂಡ ಹಾಗೆ!”

“ಬರ್ತಾರೆ ಕಣೇ. ಗಿಡ ಚಿಗುರ್ತು ಅಂತ ಹೇಳೋಕಾದ್ರೂ ಬರ್ತಾರೆ.”

“ನಿಮ್ಮ ಹಾಳೇನ ಯಾರಾದ್ರೂ ಓದಿದ್ರೆ ತಾನೆ! ಮೊನ್ನೆ ನಂಗೆ ಕಡಲೆಕಾಯಿ ಕಟ್ಟಿಕೊಟ್ಟಿದ್ದೇ ಅದರಲ್ಲಿ.”

ಅಪ್ಪ ನೀರಿನ ಡಬ್ಬ ಹಿಡಿದು ಹೊರಗೆ ಹೋದರು. ಅಮ್ಮನ ಮೇಲೆ ನನಗೆ ಸಿಟ್ಟು ಬಂತು. ಆದರೆ ಮನೆ ನಡೆಸುವವಳು ಅವಳು. ಅವಳ ಭಯ ಸುಳ್ಳಾಗಿರಲಿಲ್ಲ.

ಆ ಬೇಸಿಗೆಯಲ್ಲೇ ಒಂದು ಮಧ್ಯಾಹ್ನ ಆಲಿಕಲ್ಲಿನ ಮಳೆ ಸುರಿಯಿತು. ನಿಂತ ಮೇಲೆ ಹೊರಗೆ ಬಂದರೆ ನೆಲವೆಲ್ಲ ಬೆಳ್ಳಗೆ, ಜಜ್ಜಿದ ಎಲೆಯ ಹಸಿ ವಾಸನೆ, ಎಲ್ಲೂ ಸದ್ದಿಲ್ಲ. ನಿಜ ಹೇಳುತ್ತೇನೆ, ಒಂದು ಗಳಿಗೆ ಅದು ಚೆಂದ ಕಂಡಿತು. ಆಮೇಲೆ ಒಡೆದ ಕುಂಡಗಳು ಕಣ್ಣಿಗೆ ಬಿದ್ದವು. ಜನರ ಕಾಂಪೌಂಡುಗಳಲ್ಲಿ ಬಲಿತಿದ್ದ ಗಿಡಗಳು ಹೇಗೋ ತಡೆದುಕೊಂಡವು. ನಮ್ಮ ಎಳೆ ಸಸಿಗಳು ಒಂದೂ ಉಳಿಯಲಿಲ್ಲ.

ನರ್ಸರಿ ಮುಚ್ಚಿ ವಿಲ್ಸನ್ ಗಾರ್ಡನ್ನಿನಲ್ಲಿರುವ ತನ್ನ ಅಣ್ಣನ ಮರದ ಡಿಪೋಗೆ ಕೆಲಸಕ್ಕೆ ಸೇರಿ ಎಂದಳು ಅಮ್ಮ. ಅಪ್ಪ ವಾದ ಮಾಡಲಿಲ್ಲ. ನನಗೆ ಮಾತ್ರ, “ಈ ತಿಂಗಳು ಹಾಳೆ ಬೇಡಮ್ಮ” ಅಂದರು.

ಹಾಳೆ ಹಂಚುವ ದಿನ ಕಳೆದು ಸ್ವಲ್ಪ ದಿನಕ್ಕೆ, ನಾಲ್ಕನೇ ಬ್ಲಾಕಿನ ರಿಟೈರ್ಡ್ ಮೇಷ್ಟರೊಬ್ಬರು ಕೊಡೆ ಊರಿಕೊಂಡು ಬಂದರು.

“ಎಲ್ಲಿ ಸ್ವಾಮಿ, ಈ ಸಲದ ಹಾಳೆ? ನಮ್ಮನೆ ಮೇಲೇನಾದ್ರೂ ಬೇಜಾರಾ?”

ಅಪ್ಪ ಉತ್ತರಿಸುವ ಮೊದಲೇ ಮೇಷ್ಟರ ಕಣ್ಣು ಬೇಲಿಯಾಚೆಯ ಒಡೆದ ಕುಂಡಗಳ ಮೇಲೆ ಬಿತ್ತು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಕೊಡೆ ಎತ್ತಿಕೊಂಡು ಹೊರಟುಹೋದರು.

ಭಾನುವಾರ ಬೆಳಗಿನ ಮಂಜಿನೊಳಗಿಂದ ಜನ ಬರತೊಡಗಿದರು. ಮುಂದೆ ಮೇಷ್ಟರು, ಹಿಂದೆ ಕೈಚೀಲ ಹಿಡಿದ ಹೆಂಗಸರು, ಗಂಡಸರು. ಚೀಲದ ತುಂಬ ದಾಸವಾಳ, ಕಣಗಿಲೆ, ಜಾಜಿಯ ಕಡ್ಡಿಗಳು. ಅಪ್ಪ ಮಾರಿದ ಗಿಡಗಳಿಂದಲೇ ಕತ್ತರಿಸಿ ತಂದದ್ದು. ಅಮ್ಮ ಒಂದು ಕಟ್ಟು ಬಿಚ್ಚಿದಳು. ಸುತ್ತಿದ್ದ ಒದ್ದೆ ಕಾಗದ ನಮ್ಮದೇ ಹಾಳೆ. ಮಿಕ್ಕ ಕಟ್ಟುಗಳಿಗೂ ಬೇರೆ ಬೇರೆ ತಿಂಗಳ ನಮ್ಮ ಹಾಳೆಗಳೇ. ಅಪ್ಪನ ಮುಖ ಸಪ್ಪಗಾಯಿತು. ಕಡಲೆಕಾಯಿಯ ಮಾತೇ ಅವರಿಗೂ ನೆನಪಾಗಿರಬೇಕು.

ಆ ಕಟ್ಟು ತಂದಿದ್ದ ಹೆಂಗಸು ಅದನ್ನು ಗಮನಿಸಿದರು. “ನೀವೇ ಬರೆದಿದ್ರಲ್ಲ ಸಾರ್, ಒದ್ದೆ ಕಾಗದದಲ್ಲಿ ಸುತ್ತಿ ಅಂತ. ಈ ಹಾಳೆ ನಂಗೆ ಬಾಯಿಪಾಠ ಆಗಿದೆ, ಅದಕ್ಕೇ ಇದನ್ನೇ ತಗೊಂಡೆ.”

ಅಪ್ಪ ಒಂದೊಂದೇ ಕಡ್ಡಿ ಎತ್ತಿ ತುದಿ ನೋಡಿದರು. ಎಲ್ಲವನ್ನೂ ಗಿಣ್ಣಿನ ಕೆಳಗೆ, ಓರೆಯಾಗಿ ಕತ್ತರಿಸಿದ್ದರು. ಅಪ್ಪ ಮುಖ ತೊಳೆಯುವ ನೆಪದಲ್ಲಿ ಬಾವಿಯ ಹಿಂದಕ್ಕೆ ಹೋದವರು ಬಹಳ ಹೊತ್ತು ಬರಲಿಲ್ಲ.

ಸಂಜೆ ಅಮ್ಮ ಆ ಹಾಳೆಗಳನ್ನೆಲ್ಲ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಹರವಿದಳು. ಗಾಳಿಗೆ ಅವು ಮೆಲ್ಲಗೆ ತೂಗುತ್ತಿದ್ದವು. ಮೊದಲ ಸಲ ಅವಳು ಅವನ್ನು ಓದುತ್ತಿದ್ದಳು, ತುಟಿ ಅಲ್ಲಾಡಿಸುತ್ತ, ಒಂದಾದ ಮೇಲೊಂದು. ಆಮೇಲೆ ತಿರುಗದೆಯೇ ಕೇಳಿದಳು:

“ಏನ್ರೀ, ಮುಂದಿನ ಹಾಳೇಲಿ ಏನ್ ಬರೀತೀರಿ? ನೀವು ಡಿಪೋಗೆ ಬರಲ್ಲ ಅಂತ ಅಣ್ಣಂಗೆ ಹೇಳಿ ಕಳಿಸಿದೀನಿ.”