ಮಾವನವರ ತಟ್ಟೆ ಲೆಕ್ಕ

ಮಧ್ಯಾಹ್ನ ಟೀವಿಯಲ್ಲಿ ಯಾರದಾದರೂ ಕರುಳು ಹೊರಬೀಳದಿದ್ದರೆ ಮಾವನವರಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಎಂದು ಸೊಸೆ ಕಂಡಕಂಡವರ ಮುಂದೆ ಗೊಣಗುತ್ತಾಳೆ. ಮೂವತ್ತು ವರ್ಷ ಸರಕು ಹಡಗಿನಲ್ಲಿ ಸೌಟು ಹಿಡಿದು ನಿವೃತ್ತರಾದವರು ಅವರು. ಈಗ ಒಂದು ಹಡಗು, ಅದರಡಿಯಿಂದ ಮೇಲೇಳುವ ನೂರು ಕೈಗಳ ರಾಕ್ಷಸ, ಗೋಡೆಗೆಲ್ಲ ರಕ್ತ, ಇಷ್ಟಿದ್ದರೆ ತೊಡೆ ತಟ್ಟಿಕೊಂಡು ನಗುತ್ತಾರೆ. ಸುಮ್ಮನೆ ನೋಡಿದರೂ ಆಗುತ್ತಿತ್ತು. "ಮೊದಲು ಅಡುಗೆಯವನನ್ನೇ ತಿಂತಲ್ಲಮ್ಮಾ, ಇನ್ನು ಉಳಿದವರಿಗೆ ಬಡಿಸೋದ್ಯಾರು?" ಎಂದು ಅಡುಗೆಮನೆಗೆ ಕೇಳುವಂತೆ ಕೂಗಬೇಕು. ಒಬ್ಬೊಬ್ಬ ಸತ್ತಾಗಲೂ "ಇನ್ನು ಹನ್ನೆರಡು ತಟ್ಟೆ", "ಇನ್ನು ಹನ್ನೊಂದು" ಎಂದು ಸಾರಬೇಕು. ಆ ಲೆಕ್ಕವಾದರೂ ಸರಿಯಿದೆಯೇ? ಯಾವ ಸಿನಿಮಾದಲ್ಲೂ ಒಂದು ಹೆಚ್ಚೇ. ಮೊನ್ನೆ ತಲೆ ಕೆಟ್ಟು, ಸೌಟು ಹಿಡಿದೇ ಹೊರಬಂದ ಸೊಸೆ, "ನೆಟ್ಟಗೆ ಎಣಿಸಿ ಮಾವ! ಉಳಿದಿರೋದು ನಾಲ್ಕೇ ಜನ, ಐದಲ್ಲ!" ಎಂದು ರೇಗಿದಳು. "ಗೊತ್ತಮ್ಮ," ಎಂದರು ಮಾವ, ಪರದೆಯಿಂದ ಕಣ್ಣು ಕೀಳದೆ. "ನಮ್ಮ ಹಡಗಲ್ಲಿ ಎಂಜಿನ್ನಿಗೆ ಎಣ್ಣೆ ಹಾಕೋನೊಬ್ಬ ಇದ್ದ. ಊಟಕ್ಕೆ ಬರ್ತೀನಿ ಅಂದೋನು ನೀರಿಗೆ ಬಿದ್ದುಹೋದ. ಗಾಳಿ ಇರಲಿಲ್ಲ, ಅಲೆ ಇರಲಿಲ್ಲ, ಯಾವ ರಾಕ್ಷಸನೂ ಬಂದಿರಲಿಲ್ಲ. ಅವನ ತಟ್ಟೆ ಮೂರು ದಿನ ಮುಚ್ಚಿಟ್ಟಿದ್ದೆ." ಸೊಸೆ ಎತ್ತಿದ ಸೌಟು ಇಳಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಚೀತ್ಕಾರ, ಮತ್ತೆ ಅದೇ ನಗು. "ಇನ್ನು ನಾಲ್ಕು ತಟ್ಟೆ!" ಅವಳು ಬಾಗಿಲಿನಿಂದ ಇಣುಕಿದಳು. ಪರದೆಯ ಮೇಲೆ ಮೂವರೇ ಇದ್ದರು. "ಸರಿ ಮಾವ, ನಾಲ್ಕು," ಎಂದು ಗದರಿದಳು, "ನಿಮ್ಮ ತಟ್ಟೇಲಿರೋದನ್ನ ಮೊದಲು ತಿನ್ನಿ!"