ಸಿಪ್ಪೆ ಸಮೇತ ಅಟ್ಟಕ್ಕೆ

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕಾಯಿ ಸುಲಿಯಲು ನಿಂತವನು ನಾನು. ಅದಕ್ಕೆ ಎಂದೂ ನಾಚಿಕೆಪಟ್ಟಿಲ್ಲ. ತಿಪಟೂರಿನ ಮಂಡಿಗಳಲ್ಲಿ ನನ್ನ ಕೈಗೆ ಸಮನಾದ ಕೈ ಕಡಿಮೆ ಇದ್ದವು. ಸಂಜೆ ಕೈಕಾಲು ತೊಳೆದು ಲೈಬ್ರರಿಗೆ ಹೋಗಿ ಪೇಪರು ಓದುತ್ತಿದ್ದೆ. ನಾರಿನ ಕಲೆ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ; ಹಾಳೆಯ ಅಂಚು ಮಾತ್ರ ಹಿಡಿದು ತಿರುವುತ್ತಿದ್ದೆ.

ಎಂಬತ್ತನೇ ಇಸವಿ ದಾಟಿದ ಮೇಲೆ ಒಂದು ವರ್ಷ ಲೈಬ್ರರಿಯವರು ಊರಿನ ಚರಿತ್ರೆಗೆಂದೇ ಗಾಜಿನ ಬೀರು ಮಾಡಿಸಿದರು. ಹಳೇ ಫೋಟೋ, ಲಗ್ನಪತ್ರಿಕೆ, ಕಾಗದಪತ್ರ ಏನಿದ್ದರೂ ಕೊಡಿ ಎಂದು ಬೋರ್ಡು ಹಾಕಿದರು. ನಮ್ಮಪ್ಪನದು ಒಂದು ಫೋಟೋ ಕೂಡ ಇಲ್ಲ, ನಾನೇನು ಕೊಡಲಿ ಅಂದೆ.

"ಉಂಡೆ ಕೊಬ್ರಿ ಹೆಂಗ್ ಮಾಡ್ತೀರೋ ಅದನ್ನೇ ಬರ್ಕೊಡಿ ಕಣ್ರೀ" ಅಂದರು ಲೈಬ್ರರಿಯನ್. "ತಿದ್ದೋಕೆ ಜನ ಅವ್ರೆ."

ಎರಡು ತಿಂಗಳು ಕೂತು ಒಂದು ನೋಟ್‌ಬುಕ್ ತುಂಬಿಸಿದೆ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುವುದು, ವರ್ಷ ಹತ್ತಿರ ಬಂದಾಗ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸುವುದು, ಒಳಗೆ ನೀರು ಸದ್ದು ಮಾಡಿದರೆ ವಾಪಸ್ ಇಡುವುದು, ಉಂಡೆ ಚಿಪ್ಪಿಗೆ ಬಡಿದರೆ ಮಾತ್ರ ಸುಲಿಯುವುದು. ಇದೆಲ್ಲ ನನಗೆ ಅಪ್ಪ ಹೇಳಿಕೊಟ್ಟದ್ದು. ಮೊದಲ ಪುಟದಲ್ಲಿ ಅವನ ಹೆಸರು ಬರೆದೆ. ಅವನದು ಅಂತ ಈ ಊರಿನಲ್ಲಿ ಉಳಿಯುವುದು ಅದೊಂದೇ ಎಂದು ನನಗೆ ಗೊತ್ತಿತ್ತು.

ಬೀರು ತೆರೆಯುವ ದಿನ ಲೈಬ್ರರಿ ಹಾಲಿನಲ್ಲಿ ಸಭೆ. ಸಣ್ಣದೊಂದು ಪುಸ್ತಕ ಬಿಡುಗಡೆಯಾಯಿತು. ಮೇಲೆ ಕಾಲೇಜಿನ ಮೇಷ್ಟ್ರೊಬ್ಬರ ಹೆಸರು. ಅವರು ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವರು. ಒಳಗಿದ್ದದ್ದು ನನ್ನ ನೋಟ್‌ಬುಕ್ಕೇ. ಅಪ್ಪನ ಹೆಸರಿಲ್ಲ, ಕೊನೆಗೆ 'ಮಾಹಿತಿ ನೀಡಿದ ಕೂಲಿಕಾರರಿಗೆ ವಂದನೆ' ಅಂತಿತ್ತು. ಅದನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಮೂರನೇ ಪುಟದಲ್ಲಿ, ಕಾಯಿ ಸುಲಿದು ಅಟ್ಟಕ್ಕೆ ಹಾಕುತ್ತಾರೆ ಎಂದಿತ್ತು. ಸುಲಿದ ಕಾಯಿ ಅಟ್ಟದಲ್ಲಿ ಬಿರುಕು ಬಿಟ್ಟು ಕೊಳೆಯುತ್ತದೆ. ನಮ್ಮ ಕಡೆ ಹಾಲು ಮಾರುವವಳಿಗೂ ಗೊತ್ತಿರುವ ವಿಷಯ.

ಸಭೆ ಮುಗಿದ ಮೇಲೆ ಮೇಷ್ಟ್ರನ್ನು ಕೇಳಿದೆ.

"ಸಿಪ್ಪೆ ಇದ್ರೆ ಹೇಗಪ್ಪ ಒಣಗುತ್ತೆ? ಬರೆಯೋವಾಗ ನಿನ್ನ ಕೈ ತಪ್ಪಿದೆ ಅಂದ್ಕೊಂಡು ಸರಿ ಮಾಡಿದೆ" ಅಂದರು. ಬೈಗುಳವಲ್ಲ, ಉಪಕಾರ ಮಾಡಿದ ದನಿ.

ಮುಂದಿನ ಸಾಲಿನಲ್ಲಿ ಕೂತಿದ್ದ ಮಂಡಿ ಸಾಹುಕಾರರ ಕಡೆ ನೋಡಿದೆ. ನಾನು ಸುಲಿದು ಕೊಟ್ಟ ಕಾಯಿಯಲ್ಲೇ ಮಹಡಿ ಕಟ್ಟಿಸಿದವರು. ಅವರು ನಕ್ಕರು. "ಹೋಗ್ಲಿ ಬುಡ್ಲಾ. ಕೊಬ್ರಿ ಮಾಡೋರು ಯಾವತ್ ಪುಸ್ತಕ ಓದ್ತಾರೆ?"

ಎರಡೂ ಮಾಡುವವನು ಅವರ ಎದುರಿಗೇ ನಿಂತಿದ್ದೆ.

ನೋಟ್‌ಬುಕ್ ವಾಪಸ್ ಕೊಡಿ ಅಂದೆ. ಲೈಬ್ರರಿಯನ್ ತಲೆ ಬಗ್ಗಿಸಿಕೊಂಡು, ಸೀಲು ಬಿದ್ದಿದೆ, ನಂಬರ್ ಕೊಟ್ಟಾಗಿದೆ, ಇನ್ನು ಅದು ಲೈಬ್ರರಿ ಸ್ವತ್ತು ಅಂದರು. ಹಾಗಾದರೆ ಬೀರಿನಲ್ಲಾದರೂ ಇಡಿ ಅಂದೆ. ಅಚ್ಚಾದದ್ದು ಇದೆಯಲ್ಲ, ಕೈಬರಹ ಯಾಕೆ ಅಂದರು. ಅಲ್ಲಿಗೆ ಪೇಪರು ಓದಲು ಹೋಗುವುದನ್ನು ಅವತ್ತೇ ಬಿಟ್ಟೆ.

ನಾಲ್ಕಾರು ವರ್ಷ ಕಳೆದಿರಬೇಕು. ನನ್ನ ಮಗಳು ಹೈಸ್ಕೂಲಿನ ಪ್ರಬಂಧಕ್ಕೆಂದು ಅದೇ ಪುಸ್ತಕ ನೋಡಿ ಬರೆದುಕೊಂಡು ಬಂದಳು. ಕಾಯಿ ಸುಲಿದು ಅಟ್ಟಕ್ಕೆ ಹಾಕುತ್ತಾರೆ. ಓದಿ ಅವಳೇ ನಿಂತಳು. ನಮ್ಮ ಅಟ್ಟ ತಲೆಯ ಮೇಲೆಯೇ ಇತ್ತಲ್ಲ.

"ಇದು ತಪ್ಪಲ್ವೇನಪ್ಪ?"

ತಪ್ಪು ಅಂದೆ. ಹಾಗಾದರೆ ಹೊಡೆದುಹಾಕಲಾ ಅಂದಳು. ಮಾರ್ಕು ಹಾಕುವವರು ಯಾವುದನ್ನು ನೋಡಿ ಹಾಕುತ್ತಾರೆ ಎಂದು ಕೇಳಿದೆ. ಅವಳು ಪುಸ್ತಕ ತೋರಿಸಿದಳು.

"ಹಂಗಾದ್ರೆ ಅದ್ರಲ್ಲಿರೋ ಹಂಗೇ ಬರಿ ಕಣವ್ವ" ಅಂದೆ.