ಕೊಂಡಮ್ಮನ ಅರವತ್ತೊಂದನೇ ಕಡ್ಡಿ

“‘ಕಾದು ನೋಡು’ ಅಂತ ಬರದೈತಲ್ಲ ದೊಡ್ಡವ್ವ, ಹಂಗಂದ್ರ ಅಂವ ಬರ್ತಾನಂತನೋ, ಬರಲ್ಲಂತನೋ?”

ಆದೋನಿ ಬಸ್ ನಿಲ್ದಾಣದ ಹೊರಗೆ ಬೇವಿನ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಹೀಗೆ ಕೇಳುತ್ತಿರುವವಳು ಹೊಳಗುಂದದ ಮೌನಿಕಾ. ಬೆಳಗಿನ ಐದೂಮುಕ್ಕಾಲು. ಕೈಯಲ್ಲಿ ಎಣ್ಣೆ ಜಿಡ್ಡು ಹತ್ತಿದ ಒಂದು ನೋಟ್‌ಬುಕ್. ಎದುರಿಗೆ ಗೋಣಿತಟ್ಟಿನ ಮೇಲೆ ಕೊಂಡಮ್ಮ, ವಯಸ್ಸು ಐವತ್ತಾರು. ಅವರ ಮಡಿಲಲ್ಲಿ ಬಿದಿರಿನ ಕೊಳವೆ, ಅದರ ತುಂಬ ನಂಬರು ಹಾಕಿದ ಕಡ್ಡಿಗಳು. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೊಳವೆ ಅಲ್ಲಾಡಿಸಬೇಕು. ಯಾವ ಕಡ್ಡಿ ಹೊರಗೆ ಹಾರುತ್ತದೋ ಆ ನಂಬರಿನ ಮಾತನ್ನು ನೋಟ್‌ಬುಕ್ಕಿನಲ್ಲಿ ಓದಬೇಕು. ಮೌನಿಕಾಳಿಗೆ ಬಿದ್ದದ್ದು ಅರವತ್ತೊಂದು.

“ಓದಿದಾಕಿ ನೀನು, ನನ್ನ ಕೇಳ್ತಿ ಏನು?” ಎನ್ನುತ್ತಾರೆ ಕೊಂಡಮ್ಮ. “ಸ್ವಲ್ಪ ಕೂತ್ಕ. ಉಸುರು ತಗೋ.”

ಪಕ್ಕದ ಚಹಾ ಬಂಡಿಯ ಸುಂಕಪ್ಪ ಸುಮ್ಮನಿರುವುದಿಲ್ಲ. “ಈ ಚೀನಾ ಶಾಸ್ತ್ರ ಬಿಟ್ಟು ನನ್ನ ಚಹಾ ಕುಡೀರಿ. ಒಂದ ಗುಟುಕಿಗೆ ನಿಜ ಗೊತ್ತಾಗ್ತೈತಿ.”

“ನಿನ್ನ ಚಹಾದಾಗ ಹಾಲಿರೋದ ಭ್ರಮೆ, ಇನ್ನ ನಿಜ ಎಲ್ಲಿಂದ ಬರ್ಬೇಕಪ್ಪ!” ಎನ್ನುತ್ತಾರೆ ಕೊಂಡಮ್ಮ.

ಕೌತಾಳಂ ಕಡೆಯ ಈ ಹೆಣ್ಣುಮಗಳ ಕೈಗೆ ಚೀನಾದ ಕಡ್ಡಿ ಬಂದದ್ದಾದರೂ ಹೇಗೆ? ಬೋರ್‌ವೆಲ್ ಲಾರಿ ಹತ್ತಿ ಹೋದ ಗಂಡ ತಿರುಗಿ ಬರಲಿಲ್ಲ. ಮೂವತ್ತನೇ ವಯಸ್ಸಿಗೆ ಕೊಂಡಮ್ಮ ಸಿಂಗಪುರಕ್ಕೆ ಮನೆಗೆಲಸಕ್ಕೆ ಹೋದರು. ಅಲ್ಲಿ ಎಂಬತ್ತು ದಾಟಿದ ಚೀನೀ ಅಜ್ಜಿಯೊಬ್ಬಳನ್ನು ಎಬ್ಬಿಸುವುದು, ಮೀಯಿಸುವುದು, ಕೈಹಿಡಿದು ಗುಡಿಗೆ ಕರೆದೊಯ್ಯುವುದು, ಒಂಬತ್ತು ವರ್ಷ ಇದೇ ಕೆಲಸ. ಗುಡಿಯಲ್ಲಿ ಊದುಬತ್ತಿಯ ಹೊಗೆಯ ನಡುವೆ ಜನ ಕಡ್ಡಿ ಅಲ್ಲಾಡಿಸುವ ಸದ್ದು. ಅಂಥದ್ದೇ ಒಂದು ಕೊಳವೆ ಅಜ್ಜಿಯ ಮನೆಯಲ್ಲೂ ಇತ್ತು.

“ನಾನು ದಿನಾ ಒಂದ ಪ್ರಶ್ನೆ ಕೇಳ್ತಿದ್ದೆ, ಗಂಡ ಬರ್ತಾನ ಅಂತ. ಬರಲ್ಲ ಅನ್ನೋ ಕಡ್ಡಿ ಬಿದ್ರ ಅದನ್ನ ಒಳಗ ಹಾಕಿ ಮತ್ತ ಅಲ್ಲಾಡಿಸ್ತಿದ್ದೆ. ಏಳು ದಿನ ಆತು. ಎಂಟನೇ ದಿನ ಅಜ್ಜಿ ಕೊಳವೆ ಕಸಕೊಂಡ್ಳು. ‘ಕಡ್ಡಿಗೂ ಬ್ಯಾಸರ ಬರ್ತೈತಿ’ ಅಂದ್ಳು. ಅರ್ಧ ಇಂಗ್ಲಿಷು, ಅರ್ಧ ಕೈಸನ್ನಿ. ನಂಗ ಪೂರಾ ತಿಳೀತು.”

ಸಾಯುವ ಮುಂಚೆ ಅಜ್ಜಿ ಕೊಳವೆಯನ್ನು ಇವರಿಗೇ ಕೊಟ್ಟಳು. ಒಂದೊಂದು ಕಡ್ಡಿಯ ಅರ್ಥವನ್ನೂ ಬರೆಸಿದಳು. ಕೊಂಡಮ್ಮನ ಮನೆಮಾತು ಕನ್ನಡ, ನಾಲ್ಕನೇ ಕ್ಲಾಸಿನ ತನಕ ಕಲಿತದ್ದು ತೆಲುಗು ಅಕ್ಷರ. ಕನ್ನಡವನ್ನೂ ತೆಲುಗನ್ನೂ ಬೆರೆಸಿ, ಬಾಯಿಗೆ ಬಂದಂತೆ, ತೆಲುಗು ಅಕ್ಷರದಲ್ಲೇ ಬರೆದುಕೊಂಡರು. ನೂರು ಕಡ್ಡಿಯಲ್ಲಿ ಈಗ ಉಳಿದಿರುವುದು ತೊಂಬತ್ತಾರು. ಮೂರು ಸೀಳಿ ಹೋದವು. “ಇನ್ನೊಂದನ್ನ ಆಡು ತಿಂತು. ಅದು ಒಳ್ಳೇ ಕಡ್ಡಿ ಇತ್ರಿ, ಅದಕ್ಕೂ ಗೊತ್ತಾಗೇತಿ!”

ಎಂಟು ಗಂಟೆಗೆ ಅವರು ಇಲ್ಲಿಂದ ಏಳುತ್ತಾರೆ. ಮಾರ್ಕೆಟ್ ಯಾರ್ಡ್ ಹತ್ತಿರದ ಮೆಸ್ಸಿನಲ್ಲಿ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿಯಬೇಕು. ಹೊಟ್ಟೆಪಾಡು ಅದು. ಕಡ್ಡಿಗೆ ಕಾಸು ಮುಟ್ಟುವುದಿಲ್ಲ. ಆದರೂ ದಿನವೂ ಹತ್ತು ಹನ್ನೆರಡು ಜನ ಬರುತ್ತಾರೆ: ಹತ್ತಿ ಜಿನ್ನಿಂಗ್ ಮಿಲ್ಲಿನ ಹುಡುಗಿಯರು, ಆಟೋದವರು, ಕಾಲೇಜಿನವರು. ಹತ್ತರಲ್ಲಿ ಎಂಟು ಮಂದಿಯ ಪ್ರಶ್ನೆ ಒಂದೇ, ಆಕೆಗೆ ಅಥವಾ ಆತನಿಗೆ ನನ್ನ ಮೇಲೆ ಮನಸ್ಸಿದೆಯೇ? ಕೊಂಡಮ್ಮ ಪಾಲಿಸುವ ನಿಯಮವೂ ಒಂದೇ. ಒಂದು ಪ್ರಶ್ನೆಗೆ ಎರಡು ಸಲ ಕಡ್ಡಿ ಇಲ್ಲ.

ಮೌನಿಕಾಳ ಪ್ರಶ್ನೆಗೆ ಗಡಿಯಾರದ ಗಡುವಿದೆ. ಲ್ಯಾಬ್ ಟೆಕ್ನೀಷಿಯನ್ ಕೋರ್ಸು ಮುಗಿಸಿದ ಅವಳು ಇವತ್ತು ಹನ್ನೊಂದರೊಳಗೆ ಕರ್ನೂಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಹಾಜರಾಗಬೇಕು. ತಪ್ಪಿದರೆ ಆ ಕೆಲಸ ಇನ್ನೊಬ್ಬರಿಗೆ. ಬಸ್ಸು ಆರೂವರೆಗೆ. ಗುಂತಕಲ್ಲಿನ ಹರೀಶ ನಿನ್ನೆ ಫೋನಿನಲ್ಲಿ ಹೇಳಿದ್ದಾನೆ: ಹೋಗಬೇಡ, ಬೆಳಗ್ಗೆ ಆದೋನಿಗೆ ಬರುತ್ತೇನೆ, ಇಬ್ಬರೂ ಹೊಳಗುಂದಕ್ಕೆ ಹೋಗಿ ನಿಮ್ಮ ಮನೆಯಲ್ಲಿ ಮದುವೆಯ ಮಾತಾಡೋಣ.

“ಈ ಮಾತು ಎಷ್ಟನೇ ಸಲ?”

“ನಾಕು ವರ್ಷದಾಗ ಮೂರನೇ ಸಲ. ಆದ್ರ ಈ ಸಲ ಅಂವನ ದನಿ ಬ್ಯಾರೇನ ಇತ್ತು, ದೊಡ್ಡವ್ವ.”

“ದನಿ ಎಲ್ಲಾರ್ದೂ ಚಂದ ಇರ್ತೈತಿ ಫೋನಿನ್ಯಾಗ.”

ಮೌನಿಕಾ ಮತ್ತೆ ನೋಟ್‌ಬುಕ್ ನೋಡುತ್ತಾಳೆ. ತೊಡಕು ಇರುವುದು ಆ ಒಂದು ಪದದಲ್ಲಿ. ಕನ್ನಡದಲ್ಲಿ ಓದಿದರೆ ‘ಕಾದು ನೋಡು’, ತಾಳ್ಮೆಯಿಂದ ಕಾಯಿ. ತೆಲುಗಿನಲ್ಲಿ ‘ಕಾದು’ ಎಂದರೆ ‘ಅಲ್ಲ’. ಆಗ ಅದು ‘ಅಲ್ಲ, ನೋಡು’ ಎಂದಾಗುತ್ತದೆ. ಈ ಗಡಿ ಕಡೆಯ ಜನ ಎರಡು ಭಾಷೆಯನ್ನೂ ಒಂದೇ ಉಸಿರಿನಲ್ಲಿ ಆಡುವುದರಿಂದ ಎರಡೂ ಸರಿ. ಬರೆಯುವಾಗ ನಡುವೆ ಗೆರೆಯಿಲ್ಲ, ಚುಕ್ಕೆಯಿಲ್ಲ.

“ನೀ ಯಾವುದು ಅಂತ ಬರದಿದ್ದೀ?”

“ಏಮೋ, ಯಾರಿಗ್ಗೊತ್ತು! ಹದಿನೇಳು ವರ್ಷ ಆತು. ಆಣಿ ಮಾಡಿ ಹೇಳ್ತೀನಿ, ನಂಗ ನೆನಪಿಲ್ಲ.” ಕೊಂಡಮ್ಮ ನಗುವುದಿಲ್ಲ. “ನಿಂಗೊಂದು ಕೇಳ್ತೀನಿ, ಸುಳ್ಳು ಹೇಳಬ್ಯಾಡ. ಹಾಳಿ ತೆರದ ಕೂಡ್ಲೆ, ಮೊದಲು, ಹೆಂಗ ಓದಿದಿ?”

ಹುಡುಗಿ ನೋಟ್‌ಬುಕ್ ಮುಚ್ಚುತ್ತಾಳೆ. “ಅಲ್ಲ ಅಂತ ಓದಿದೆ. ಆಮ್ಯಾಲ ಕಾಯಿ ಅಂತ ಮಾಡ್ಕೊಂಡೆ.”

“ಹೂಂ. ಆ ಮಾಡ್ಕೊಳ್ಳೋದು ಐತಲ್ಲ, ಅದನ್ನ ನಾನು ಒಂಬತ್ತು ವರ್ಷ ಮಾಡ್ಕೊಂಡೀನವ್ವ.”

ಹಾಳೆ ಪೂರ್ತಿ ಉದುರುವ ಮೊದಲು ನೋಟ್‌ಬುಕ್ಕನ್ನು ಯಾರಿಂದಲಾದರೂ ಚಂದದ ಅಕ್ಷರದಲ್ಲಿ ನಕಲು ಮಾಡಿಸಬೇಕು ಎಂಬುದಷ್ಟೇ ಕೊಂಡಮ್ಮನ ಆಸೆ. “ಅರವತ್ತೊಂದನ್ನ ಮಾತ್ರ ಯಾರೂ ತಿದ್ದಬಾರ್ದ್ರಿ. ಅದರಷ್ಟು ಕೆಲಸ ಬ್ಯಾರೆ ಯಾ ಕಡ್ಡೀನೂ ಮಾಡಿಲ್ಲ,” ಎನ್ನುವಾಗ ಮಾತ್ರ ಅವರ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತದೆ.

ಆರೂ ಇಪ್ಪತ್ತಕ್ಕೆ ಕರ್ನೂಲು ಬಸ್ಸು ಬರುತ್ತದೆ. ಮೌನಿಕಾ ಹತ್ತಿ ಕಿಟಕಿಯ ಬದಿ ಕೂತು, ಪಕ್ಕದ ಸೀಟಿನ ಮೇಲೆ ತನ್ನ ಚೀಲ ಇಡುತ್ತಾಳೆ. ಬಸ್ಸು ತುಂಬುತ್ತಿದೆ. ಆರೂವರೆ ಆಯಿತು. ಬುಟ್ಟಿ ಹೊತ್ತ ಮುದುಕಿಯೊಬ್ಬಳು ಆ ಸೀಟಿನ ಹತ್ತಿರ ನಿಲ್ಲುತ್ತಾಳೆ.

“ಇಲ್ಲಿ ಯಾರರ ಬರ್ತಾರೇನವ್ವ?”

ಮೌನಿಕಾ ಕಿಟಕಿಯಿಂದ ರಸ್ತೆಯ ಕಡೆ ಒಮ್ಮೆ ನೋಡಿ, ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಮುದುಕಿ ಬುಟ್ಟಿ ಇಳಿಸಿ ಕೂರುತ್ತಾಳೆ.